ಅಣಕಿಸಿದ ನಡಿಗೆ

ಮಾರ್ಚ್ ೪, ಬೆಳಗ್ಗೆ
ಇವತ್ತೂ ಮೂರು ಸಲ ಬಿದ್ದೆ. ಮಂಚದಿಂದ ಗಾಲಿಕುರ್ಚಿಗೆ ಎರಡಡಿ. ಪೋಲ್ ವಾಲ್ಟ್‌ನಲ್ಲಿ ನಾಲ್ಕು ಮೀಟರ್ ಹಾರುತ್ತಿದ್ದವಳಿಗೆ ಎರಡಡಿ! ಕೋಲು ಮುರಿದು, ಮ್ಯಾಟ್‌ನ ಆಚೆ ಬಿದ್ದು ಐದು ತಿಂಗಳಾಯಿತು. ಸೊಂಟದಿಂದ ಕೆಳಗೆ ಏನೂ ನನ್ನದಲ್ಲ.

ಅಮ್ಮ ಮೆಡಲ್‌ಗಳನ್ನು ತಂದು ಮಂಚದ ಸರಳಿಗೆ ನೇತುಹಾಕಿದ್ದಾಳೆ. "ನೋಡ್ತಾ ಇದ್ರೆ ಹುಮ್ಮಸ್ಸು ಬರುತ್ತೆ ಕಣೇ." ಹೊರಳಿದಾಗಲೆಲ್ಲ ಗಿಲಿಗಿಲಿ. ದನದ ಕೊರಳಗಂಟೆ.

ಮಾರ್ಚ್ ೫
ವಾರ್ಡಿಗೆ ಹೊಸ ಫಿಸಿಯೋ ಬಂದರು. ಕುಂಟುತ್ತಾ. ನೋಡಿದ ಕೂಡಲೇ ಗುರುತು ಸಿಕ್ಕಿತು — ನಮ್ಮ ಟೀಮ್‌ನ ಹರ್ಡಲ್ಸ್ ಅಕ್ಕ. ಸೊಂಟ ಮುರಿದು, ಚೇತರಿಸಿಕೊಂಡು, ಮತ್ತೆ ಗ್ರೌಂಡಿಗೆ ಬಂದಿದ್ದ ದಿನ ನಾನು ಅವರ ಹಿಂದೆಯೇ ಕುಂಟಿ ತೋರಿಸಿದ್ದೆ. ಎಲ್ಲರೂ ನಕ್ಕರು. ಅವರು ತಿರುಗಿ ನೋಡಿದರು. ಮಾರನೆಯ ದಿನದಿಂದ ಬರಲೇ ಇಲ್ಲ. ನನಗಾಗ ಹದಿನೇಳು. ಮರೆತಿರಬಹುದು...

ಮಾರ್ಚ್ ೯
ಮರೆತಿಲ್ಲ.

ಬಿದ್ದೆ. ಅಕ್ಕ ಎತ್ತಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಫೈಲ್ ಓದಿದರು. ನಲವತ್ತು ನಿಮಿಷ ನೆಲದ ಮೇಲೆ. ಮಾಡಿದ್ದುಣ್ಣೋ ಮಹರಾಯ.

"ಅಕ್ಕಾ, ಅವತ್ತು ಮಾಡಿದ್ದು ತಪ್ಪು. ಕ್ಷಮಿಸಿ."

"ಕ್ಷಮಿಸಿದ್ರೆ ನಿಂಗೆ ಹಗುರ ಆಗುತ್ತೆ. ನಂಗೇನು ಸಿಗುತ್ತೆ?" ಪುಟ ತಿರುಗಿಸಿದರು. "ಮೊಣಕೈ ಊರು. ಮಂಚ ಹತ್ತು."

ಹತ್ತಿದೆ. ಬರೀ ಸಿಟ್ಟಿನಲ್ಲಿ.

ಮಾರ್ಚ್ ೧೦
ಫಿಸಿಯೋ ಬದಲಿಸಿ ಎಂದು ಅಮ್ಮ ದೂರು ಬರೆದಳು. ಹರಿದು ಹಾಕಿದೆ. ಉಳಿದವರಿಗೆಲ್ಲ ನಾನು ಅಯ್ಯೋ ಪಾಪ. ಇವರೊಬ್ಬರಿಗೆ ಮಾತ್ರ ನಾನು ಕೆಟ್ಟವಳು. ಅದೇ ವಾಸಿ.

ಜೂನ್ ೨೧
ಈಗ ಕುರ್ಚಿಗೆ ಒಬ್ಬಳೇ ಏರುತ್ತೇನೆ. ಕೌನ್ಸೆಲರ್ ಫಾರಂ ತಂದಿದ್ದರು. "ಈ ಗಾಯ ನಿಮ್ಮನ್ನ ಬೆಳೆಸಿದೆ ಅನ್ಸುತ್ತಾ? ಒಂದರಿಂದ ಐದು."

"ಕಾಲು ವಾಪಸ್ ಕೊಡಿ, ಕುಳ್ಳಿಯಾಗೇ ಇರ್ತೀನಿ."

ನಗದೆ ಬರೆದುಕೊಂಡರು.

ಜೂನ್ ೨೩, ಸಂಜೆ
ಪಕ್ಕದ ಮಂಚಕ್ಕೆ ಫುಟ್‌ಬಾಲ್ ಹುಡುಗಿ ಬಂದಿದ್ದಾಳೆ. ಹದಿನಾರು ವರ್ಷ. ನನ್ನಂತೆಯೇ ಬೆನ್ನುಮೂಳೆ. "ಮತ್ತೆ ಓಡ್ತೀನಾ?" ಎಂದಳು. ಎಲ್ಲರೂ ಗೋಡೆ ನೋಡಿದರು. ಅಕ್ಕ ನನ್ನತ್ತ ತಿರುಗಿ, "ನೀನೇ ಹೇಳು."

"ಇಲ್ಲ," ಎಂದೆ.

ಸ್ಟೀಲ್ ಲೋಟ ಎಸೆದಳು. ನನ್ನ ಹುಬ್ಬು ಒಡೆಯಿತು. ಕುರ್ಚಿ ತಿರುಗಿಸಿ ಹೋಗಬಹುದಿತ್ತು. ಹೋಗಲಿಲ್ಲ. ಅವಳ ಅಳು ಮುಗಿಯುವವರೆಗೂ ಕೂತೆ.

ಅಕ್ಕ ಹುಬ್ಬಿಗೆ ಹತ್ತಿ ಒತ್ತಿದರು. ಮೆತ್ತಗಲ್ಲ. "ಅವತ್ತು ನನ್ನ ಪಕ್ಕ ಹೀಗೆ ಯಾರಾದ್ರೂ ಕೂತಿದ್ರೆ, ನಾನು ಗ್ರೌಂಡ್ ಬಿಡ್ತಿರಲಿಲ್ಲ." ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಈಗ ಹುಡುಗಿ ನನ್ನನ್ನು ಕೇಳುತ್ತಿದ್ದಾಳೆ — "ಅಕ್ಕಾ, ಇದನ್ನ ಒಪ್ಪಿಕೊಳ್ಳೋಕೆ ನಿಮಗೆ ಎಷ್ಟು ದಿನ ಆಯ್ತು?"

ಒಪ್ಪಿಕೊಂಡಿದ್ದೇನೆ ಎಂದು ಇವಳಿಗೆ ಯಾರು —