ಬುಡ ಹೂಳದ ಬೇಲಿ

ಪ್ರೀತಿಯ ಭಾವನಿಗೆ,

ನನ್ನ ಕೈಬರಹ ಕಂಡು ನಿಮಗೆ ಮೊದಲು ಗಾಬರಿಯಾಗಿರುತ್ತದೆ. ಅಕ್ಕ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಈಗಿನ ಕೆಲಸವನ್ನು ಇನ್ನೂ ಬಿಟ್ಟಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಮುಖ್ಯ ಮಾತಿಗೆ ಬರುವಷ್ಟರಲ್ಲಿ ನೀವು "ಆಯ್ತಾಯ್ತು, ಅಕ್ಕನಿಗೆ ಕೊಡು" ಎಂದುಬಿಡುತ್ತೀರಿ. ನಿಮಗೆ ಗೊತ್ತಿರುವ ಸಂಗತಿಯನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ.

ಒಂಬತ್ತನೇ ತರಗತಿಯ ನಡುವೆ ಎದ್ದು ಬಂದ ಮೇಲೆ ನಾನು ಎಲ್ಲೂ ನಿಲ್ಲಲಿಲ್ಲ. ಗ್ಯಾರೇಜು, ಬೇಕರಿ, ಪ್ರಿಂಟಿಂಗ್ ಪ್ರೆಸ್ಸು. ಬೇಕರಿಯಲ್ಲಿ ಒಬ್ಬರು "ಬ್ರೆಡ್ಡು ಇವತ್ತಿಂದಾ?" ಎಂದು ಕೇಳಿದರು, ನಾನು ಅಲ್ಲ ಎಂದೆ, ಅಲ್ಲಿಗೆ ಆ ಕೆಲಸ ಮುಗಿಯಿತು. ನೀವು ನನಗೆ ಪಾದರಸ ಎಂದು ಹೆಸರಿಟ್ಟಿರಿ. ಆದರೂ ಗಣಿಯಲ್ಲಿ ನೀವು ಮೇಸ್ತ್ರಿಯಾಗಿದ್ದ ತಂಡಕ್ಕೆ ನನ್ನನ್ನು ಸೇರಿಸಿಕೊಂಡಿರಿ, ಕಂಪನಿ ಕ್ವಾರ್ಟರ್ಸಿನ ಹಾಲಿನಲ್ಲಿ ನನಗೊಂದು ಮಂಚ ಹಾಕಿಸಿದಿರಿ. ನನ್ನ ಚಾಳಿ ಗೊತ್ತಿದ್ದೂ ಹೀಗೆ ಮಾಡಿದವರು ನೀವೊಬ್ಬರೇ.

ಗುಡ್ಡ ಅಗೆದ ಮಣ್ಣು ಮಳೆಗೆ ಕೊಚ್ಚಿಕೊಂಡು ಕೆಳಗಿನ ಹಳ್ಳ ಸೇರಬಾರದೆಂದು ದಂಡೆಯುದ್ದಕ್ಕೂ ಬಟ್ಟೆಯ ಬೇಲಿ ಕಟ್ಟುವುದು ನಮ್ಮ ಕೆಲಸವಾಗಿತ್ತು. ಗೂಟ ನೆಟ್ಟು, ಕಪ್ಪು ಬಟ್ಟೆ ಬಿಗಿದು, ಕೆಳಗೆ ಕಾಲುವೆಯಂತೆ ತೋಡಿ ಬಟ್ಟೆಯ ಬುಡವನ್ನು ಹೂತು ತುಳಿಯಬೇಕು. ಆಗ ನೀರು ಸೋಸಿಕೊಂಡು ಆಚೆ ಹೋಗುತ್ತದೆ, ಕೆಸರು ಈಚೆ ನಿಲ್ಲುತ್ತದೆ. ಕೊನೆಯ ತಿರುವಿನಲ್ಲಿ ಮಾತ್ರ ಗುದ್ದಲಿ ಇಟ್ಟಲ್ಲೆಲ್ಲ ಬಂಡೆ. ಮಳೆ ತಲೆಯ ಮೇಲಿತ್ತು. ಇಂಜಿನಿಯರ್ ಬಂದು, "ಇಲ್ಲಿ ಹೂಳೋದು ಬೇಡ, ಬಟ್ಟೆ ಅಂಚಿನ ಮೇಲೆ ಕಲ್ಲು ಹೇರಿಬಿಡಿ" ಎಂದರು.

"ನೀರು ಅಡಿಯಿಂದ ನುಗ್ಗುತ್ತೆ ಸಾರ್" ಎಂದಿರಿ ನೀವು.

"ನಂಗೊತ್ತಿಲ್ವಾ ಮೇಸ್ತ್ರಿ? ಮುಗೀತಾ ಮುಗೀತಾ ಅಂತ ಮೇಲಿನವರು ನನ್ನ ಪ್ರಾಣ ತಿಂತಿದಾರೆ."

ಪಾಪ, ಅವರ ಮುಖದಲ್ಲೂ ಕಳೆಯಿರಲಿಲ್ಲ. ಕಲ್ಲು ಹೇರಿದೆವು. ದೂರದಿಂದ ನೋಡಿದವರಿಗೆ ಅದು ಬೇಲಿಯೇ.

ಮೊದಲ ದೊಡ್ಡ ಮಳೆಗೆ ಹಳ್ಳ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಪರಿಸರ ಇಲಾಖೆಯವರು ಬಂದು ನೋಡಿ, ಇದು ನಿಯಮದ ಉಲ್ಲಂಘನೆ ಎಂದರು. ಕಂಪನಿ ಒಪ್ಪಲಿಲ್ಲ. ಬೇಲಿ ನಿಯಮದಂತೆಯೇ ಇತ್ತು, ಮಳೆ ಅತಿಯಾಯಿತು, ಅದಕ್ಕೆ ನಾವೇನು ಮಾಡೋಣ ಎಂದು ವಾದ ಹೂಡಿತು. ವಿಚಾರಣೆಗೆ ಸಾಕ್ಷಿ ಹೇಳಲು ಕಂಪನಿ ನಿಮ್ಮನ್ನು ಕರೆಯಿತು, ಇಲಾಖೆ ನನ್ನನ್ನು ಕರೆಯಿತು. ಇಬ್ಬರೂ ಒಂದೇ ಮನೆಯವರು.

ಆ ಬೆಳಿಗ್ಗೆ ಅಕ್ಕ ನಮ್ಮಿಬ್ಬರ ಅಂಗಿಗಳಿಗೂ ಇಸ್ತ್ರಿ ಹಾಕಿದಳು. "ನೀನು ಏನು ಹೇಳ್ತೀಯ ಅಂತ ನಂಗೊತ್ತು ಕಣೋ, ಅದಕ್ಕೇ ಕೇಳ್ತಿಲ್ಲ" ಎಂದಳು. ಕಂಪನಿಯವರನ್ನು ಬೇಡಿ ಬೇಡಿ ಸುಣ್ಣ ಬಳಿಸಿಕೊಂಡಿದ್ದ ಅಡುಗೆಮನೆಯ ಗೋಡೆಯ ಕಡೆಗೇ ಅವಳ ಕಣ್ಣಿತ್ತು. ನೀವು ತಲೆಯೆತ್ತದೆ ಶೂ ಒರೆಸುತ್ತಿದ್ದಿರಿ. ಮಂಚದ ಕೆಳಗೆ ನನ್ನ ಚೀಲ ತುಂಬಿ ಸಿದ್ಧವಾಗಿತ್ತು, ಅದು ನಿಮಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆದರೆ ನಿಮ್ಮ ಕೆಲಸಕ್ಕೂ ಮನೆಗೂ ಸಂಚಕಾರ. ಅದಾದ ಮೇಲೆ ನಿಮ್ಮ ಮನೆಯ ಅನ್ನ ಹೇಗೆ ಉಣ್ಣಲಿ? ತೆರೆಯದೆ ಇರಲು ನನ್ನಿಂದಾಗದು.

ವಿಚಾರಣೆಯಲ್ಲಿ ಕಂಪನಿಯ ವಕೀಲರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿವರೆಗೆ ಓದಿದೀಯ?"

"ಒಂಬತ್ತನೇ ಕ್ಲಾಸು. ಪೂರ್ತಿ ಅಲ್ಲ."

"ಎಷ್ಟು ಕಡೆ ಕೆಲಸ ಬಿಟ್ಟಿದೀಯ?"

ನಾನು ಬೆರಳು ಮಡಚಿ ಎಣಿಸತೊಡಗಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಸಾಕು ಸಾಕು ಎಂದರು ಅವರು. ಬೇಲಿ ಇತ್ತೋ ಇಲ್ಲವೋ ಎಂದು ಕೇಳಿದಾಗ, ಇತ್ತು, ತಿರುವಿನಲ್ಲಿ ಬುಡ ಮಾತ್ರ ಹೂತಿರಲಿಲ್ಲ ಎಂದೆ. ಆಮೇಲೆ ನಿಮ್ಮ ಸರದಿ ಬಂತು. ವಕೀಲರು ಗೆದ್ದವರಂತೆ ನಿಮ್ಮತ್ತ ತಿರುಗಿದರು. "ಮೇಸ್ತ್ರಿಗಳೇ, ಇವನು ನಿಮ್ಮ ಮನೇಲೇ ಇರೋನು. ಇವನ ಮಾತು ನಂಬಬಹುದಾ? ನೀವೇ ಹೇಳಿ."

ನೀವು ಕರವಸ್ತ್ರದಿಂದ ಕತ್ತು ಒರೆಸಿಕೊಂಡಿರಿ. ನಾನು ನೆಲದತ್ತ ಕಣ್ಣು ಹೊರಳಿಸಿದೆ.

"ಇವನಿಗೆ ಸುಳ್ಳು ಹೇಳೋಕೆ ಬಂದಿದ್ರೆ ನಮ್ಮನೇಲಿ ಇಷ್ಟು ತಾಪತ್ರಯ ಇರ್ತಿರಲಿಲ್ಲ ಸಾರ್."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೂ ನಕ್ಕುಬಿಟ್ಟರು. ನೀವು ನಗಲಿಲ್ಲ. "ಬುಡ ಹೂತಿರಲಿಲ್ಲ. ಕಲ್ಲು ಹೇರಿಸಿದ್ದು ನಾನು. ಯಾರು ಹೇಳಿದ್ದಕ್ಕೆ ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ" ಎಂದಿರಿ. ವಕೀಲರು ಕೇಳಲಿಲ್ಲ.

ಭಾವಾ, ನನ್ನನ್ನು ಬೈಯುವವರೂ ತಮಾಷೆ ಮಾಡುವವರೂ ಬೇಕಾದಷ್ಟು ಜನ ಸಿಕ್ಕಿದ್ದಾರೆ. ನನ್ನ ಬಾಯಿಂದ ತನಗೇ ನಷ್ಟವಾಗುವ ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ, ಇವನ ಮಾತು ನಿಜ ಎಂದವರು ಅವತ್ತಿನವರೆಗೆ ಯಾರೂ ಇರಲಿಲ್ಲ.

ನಾನು ಬಸ್ಸು ಹಿಡಿದು ನಿಮಗಿಂತ ಮೊದಲೇ ಮನೆಗೆ ಬಂದೆ. ಚೀಲ ಹೆಗಲಿಗೇರಿಸಿ ಹೊರಡುವಾಗ ನೀವು ಬಾಗಿಲಲ್ಲಿ ಎದುರಾದಿರಿ.

"ಎಲ್ಲಿಗೆ ಸವಾರಿ, ಪಾದರಸ?"

"ಎಲ್ಲಿಗಾದ್ರೂ."

"ಕ್ವಾರ್ಟರ್ಸ್ ಖಾಲಿ ಮಾಡಿಸ್ತಾರೆ. ಬೀರು ಇಳಿಸ್ಬೇಕು. ನೀನು ಹೊರಟ್ರೆ ಇನ್ನೊಂದು ತುದಿ ಯಾರು ಹಿಡೀತಾರೆ, ನಿಮ್ಮಕ್ಕನಾ?"

ಅಷ್ಟು ಹೇಳಿ ನೀವು ಕೈಕಾಲು ತೊಳೆಯಲು ಹೋದಿರಿ. ಅಕ್ಕ ಚೀಲವನ್ನು ಕಿತ್ತುಕೊಂಡು, ಅದರಲ್ಲಿ ತುರುಕಿದ್ದ ಒದ್ದೆ ಟವೆಲ್ಲಿಗಾಗಿ ನನ್ನನ್ನು ಚೆನ್ನಾಗಿ ಬೈದಳು.

ನೀವು ಅಂದಂತೆಯೇ ಆಯಿತು. ನಿಮ್ಮನ್ನು ಆ ದೂರದ ಕ್ವಾರಿಗೆ ಹಾಕಿದರು, ನಾವು ಮನೆ ಬಿಟ್ಟೆವು. ತಪ್ಪು ಕಂಪನಿಯದೇ ಎಂದು ಇಲಾಖೆ ಕೊಟ್ಟ ಆದೇಶದ ವಿರುದ್ಧ ಕಂಪನಿ ಮೇಲಿನ ಕೋರ್ಟಿಗೆ ಹೋಗಿದೆ. ಅಲ್ಲೂ ಬೇಲಿ ಸರಿಯಾಗಿತ್ತು ಎಂದೇ ವಾದ. ಆದರೆ ಮೊನ್ನೆ ಹಳ್ಳದ ಕಡೆ ಹೋಗಿದ್ದೆ. ಆ ತಿರುವಿನಲ್ಲಿ ಸದ್ದಿಲ್ಲದೆ ಬಂಡೆ ಕೊರೆಸಿ, ಬಟ್ಟೆಯ ಬುಡವನ್ನು ಹೂತಿದ್ದಾರೆ. ನೀರು ಪೂರ್ತಿ ತಿಳಿಯಾಗಿಲ್ಲ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು, "ಈಗ ಬಿಳೀ ಬಟ್ಟೆನೂ ತರ್ತೀನಪ್ಪ" ಎಂದರು. ಇದು ನಿಮ್ಮ ಕಿವಿಗೆ ಬೀಳಬೇಕು ಅನ್ನಿಸಿತು.

ಮತ್ತೆ ಸಾಕ್ಷಿಗೆ ಕರೆದರೆ ನಾನು ಹೋಗುತ್ತೇನೆ. ನೀವೂ ಬರುತ್ತೀರಿ, ಅದು ಕೇಳುವ ಮಾತಲ್ಲ.

ಈ ಬಾಡಿಗೆ ಮನೆ ನೋಡಲು ಬಂದ ದಿನ ಮನೆಯ ಯಜಮಾನರು ಎಷ್ಟು ಜನ ಇರುತ್ತೀರಿ ಎಂದು ಕೇಳಿದರು. ನೀವು ದೂರದಲ್ಲಿ, ನಾನೋ ಇಂದಿಗಿದ್ದವನು ನಾಳೆಗಿಲ್ಲ. ಏನು ಹೇಳುವುದೆಂದು ತೋಚದೆ ಅಕ್ಕ ನಿಮಗೆ ಫೋನು ಮಾಡಿ ಅವರ ಕೈಗೆ ಕೊಟ್ಟಳು. ಸ್ಪೀಕರ್ ಆನ್ ಆಗಿದ್ದದ್ದು ನಿಮಗೆ ಗೊತ್ತಿರಲಿಲ್ಲ. "ಮೂರು ಜನ" ಎಂದಿರಿ. ಯೋಚಿಸಲೂ ಇಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ.

ನಿಮ್ಮ ಎದೆಗೆ ಧೂಳು ತಾಗದಿರಲಿ, ಒಳ್ಳೆಯ ನಿದ್ದೆ ಬರಲಿ. ಬೇಗ ಮನೆಗೆ ಬನ್ನಿ.

ನಿಮ್ಮ ಋಣದಲ್ಲಿ ಸುಖವಾಗಿರುವ,
ನಿಮ್ಮ ಭಾಮೈದ