ನನ್ನ ಸ್ವಂತ ಸೇವನೆಗಾಗಿ

೪ ಮಾರ್ಚ್, ಮಂಗಳವಾರ

ಬೆಳಿಗ್ಗೆಯಿಂದ ಹದಿನೆಂಟು ಕೋಟು. ಒಂದರ ತೋಳಿನ ಮೇಲೆ ಅಂಗೈಯಗಲದ ಕೆಂಪು ಕಲೆ. ‘ದ್ರಾಕ್ಷಿ ಜ್ಯೂಸ್ ಮೇಡಂ’ ಎಂದ ಕೋಟಿನವನು. ಮೂಗಿಗೆ ಹಿಡಿದು ನೋಡಿದೆ. ‘ವೈನ್ ಅಂತ ಬರೀತೀನಿ. ಜ್ಯೂಸ್ ಅಂತ ಬರೆದ್ರೆ ಬೇರೆ ಔಷಧಿ ಹಾಕ್ತಾರೆ, ಕಲೆ ಹೋಗಲ್ಲ.’ ಚೀಟಿ ತೆಗೆದುಕೊಂಡು ಹೋದ. ಮೂವತ್ತೊಂದು ವರ್ಷದಿಂದ ಊರಿನವರ ಕೊಳೆಯೆಲ್ಲ ಈ ಕೌಂಟರ್ ಮೇಲೆ ಬಂದು ಬೀಳುತ್ತಿದೆ. ಕುಡುಕರದನ್ನು ಕಂಡರೆ ಮಾತ್ರ ಈಗಲೂ ವಾಕರಿಕೆ.

ಮೂರು ಗಂಟೆಗೆ ರಿಜಿಸ್ಟರ್ ಪೋಸ್ಟ್. ಕಸ್ಟಮ್ಸ್ ಕಚೇರಿಯಿಂದ, ನನ್ನ ಹೆಸರಿಗೆ. ಮೂರು ಸಲ ಓದಿದೆ. ನಮ್ಮ ಡ್ರೈ ಕ್ಲೀನಿಂಗ್ ಅಂಗಡಿಯ ಟ್ಯಾಕ್ಸ್ ನಂಬರ್ ಹಾಕಿ ಯಾರೋ ಹೊರದೇಶದಿಂದ ಆರು ಬಾಟಲಿ ವೈನ್ ತರಿಸಿದ್ದಾರೆ. ಲೈಸೆನ್ಸ್ ಇಲ್ಲದೆ ಮದ್ಯ ಆಮದು. ನಿಮ್ಮ ನಂಬರನ್ನು ಏಕೆ ಅಮಾನತು ಮಾಡಬಾರದು, ಹತ್ತು ದಿನದೊಳಗೆ ಖುದ್ದು ಬಂದು ಉತ್ತರಿಸಿ.

ನನಗೆ! ಸ್ವಂತ ತಮ್ಮ ಕುಡಿದು ಬಂದನೆಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವಳಿಗೆ!

ನಂಬರ್ ಹೋದರೆ ಬಿಲ್ ಬರೆಯುವ ಹಾಗಿಲ್ಲ. ಬಿಲ್ ಇಲ್ಲದಿದ್ದರೆ ಅಂಗಡಿ ಇಲ್ಲ. ಮುಂದಿನ ತಿಂಗಳು ಏಳಕ್ಕೆ ಅಂಗಡಿ ಮಗಳ ಹೆಸರಿಗೆ ಆಗಬೇಕು. ಮಂಡಿ ಎರಡೂ ಕೈಕೊಟ್ಟಿವೆ, ಕೌಂಟರ್ ಹಿಂದೆ ಇನ್ನು ನಿಲ್ಲಲಾರೆ. ಈ ಹೊತ್ತಿನಲ್ಲೇ ಈ ಹೇಸಿಗೆ.

ಸಂಜೆ ೭

ಇನ್ಯಾರು? ಅಳಿಯ. ಕನ್ನಡಕದಂಗಡಿಯ ಕೆಲಸದಿಂದ ಬರುತ್ತಲೇ ಹಿಡಿದೆ. ಕಾಗದ ಓದಿದ. ಮಗಳ ಕಡೆ ನೋಡಿದ. ಅವಳು ಬಟ್ಟೆಗೆ ಚೀಟಿ ಪಿನ್ ಮಾಡುತ್ತಿದ್ದಳು, ಕೈ ನಿಂತಿತ್ತು. ‘ತಪ್ಪಾಯ್ತು ಅತ್ತೆ’ ಎಂದ. ಅಷ್ಟೇ.

‘ಊರಿಗೆಲ್ಲ ಕನ್ನಡಕ ಹಾಕ್ತೀಯ, ನಿನಗೆ ಮಾತ್ರ ಕಣ್ಣಿಲ್ವಾ?’ ಎಂದೆ. ಇನ್ನೂ ಏನೇನೋ ಅಂದೆ. ನಾಳೆಯಿಂದ ಅವನಿಗೆ ನನ್ನ ಕೈಯ ಚಹಾ ಇಲ್ಲ.

೭ ಮಾರ್ಚ್, ಶುಕ್ರವಾರ

ಕಸ್ಟಮ್ಸ್ ಕಚೇರಿ. ಗೋದಾಮಿನ ಮೇಲೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಅಳಿಯ ಕೈ ಕೊಡಲು ಬಂದ. ಬೇಡವೆಂದೆ. ಟೋಕನ್ ನಲವತ್ತೇಳು. ಕೂರುವ ಬೆಂಚಿನ ಮೇಲೆ ಯಾರೋ ತಿಂದು ಬಿಟ್ಟ ಎಣ್ಣೆಯ ಪೊಟ್ಟಣ. ಗೋಡೆಯುದ್ದಕ್ಕೂ ಕೈ ಒರೆಸಿದ ಗುರುತು. ದೇಶದ ಗಡಿ ಕಾಯುವವರಿಗೆ ಒಂದು ಬಕೆಟ್ ನೀರಿಗೂ ಗತಿಯಿಲ್ಲ.

ಅಧಿಕಾರಿ ನನ್ನ ಮಗಳಿಗಿಂತ ಚಿಕ್ಕವನು.

‘ಮದ್ಯದ ಲೈಸೆನ್ಸ್ ಇದೆಯಾ ಅಮ್ಮ?’

‘ನಮ್ಮದು ಬಟ್ಟೆ ತೊಳೆಯೋ ಅಂಗಡಿ.’

‘ಓ, ವೈನಲ್ಲಿ ತೊಳೀತೀರಾ?’

ಹಿಂದೆ ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಮೈ ಉರಿದುಹೋಯಿತು. ‘ತೊಳೆಯೋದು ನಾವು, ಚೆಲ್ಲಿಕೊಂಡು ಬರೋದು ನಿಮ್ಮಂಥವರು’ ಎಂದೆ. ಅವನ ಟೈ ಮೇಲೆ ಸಾರಿನ ಕಲೆ ಇತ್ತು. ಕೈಯಿಂದ ಮುಚ್ಚಿಕೊಂಡ. ಆಮೇಲೆ ನೆಟ್ಟಗೆ ಮಾತಾಡಿದ.

ಮನೆಗೆ ಅಂತ ತರಿಸಿದ್ದರೆ ಸುಂಕ ಕಟ್ಟಿ ಮುಗಿಯುತ್ತಿತ್ತಂತೆ. ಅಂಗಡಿಯ ನಂಬರ್ ಹಾಕಿದ್ದಕ್ಕೆ ವ್ಯಾಪಾರದ ಸರಕಾಯಿತು. ಆರ್ಡರ್ ಮಾಡಿದ ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಹೆಸರು ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.

ಮಗಳ ಹೆಸರು. ಮಗಳ ಫೋನ್ ನಂಬರ್.

ಅಳಿಯನನ್ನು ನೋಡಿದೆ. ಅವನು ಫ್ಯಾನ್ ನೋಡುತ್ತಿದ್ದ.

ದಾರಿ ಎರಡು ಎಂದ ಅಧಿಕಾರಿ. ನನಗೆ ಗೊತ್ತಿಲ್ಲದೆ ಮಗಳು ನಂಬರ್ ಹಾಕಿದಳು ಎಂದು ಬರೆದುಕೊಟ್ಟರೆ ನಾನು ಪಾರು. ಅವಳ ಮೇಲೆ ಕೇಸು, ಐದು ವರ್ಷ ಅವಳ ಹೆಸರಲ್ಲಿ ಯಾವ ಅಂಗಡಿಯೂ ಇಲ್ಲ. ಇಲ್ಲವೇ, ನಾನೇ ಕುಡಿಯಲು ತರಿಸಿದೆ, ನನ್ನ ಪರವಾಗಿ ಮಗಳು ಆರ್ಡರ್ ಮಾಡಿದಳು, ನಂಬರ್ ಕೈತಪ್ಪಿನಿಂದ ಬಿತ್ತು ಎಂದು ಸಹಿ ಹಾಕಬೇಕು. ಸುಂಕ, ದಂಡ ಕಟ್ಟಿದರೆ ಫೈಲ್ ಬಂದ್. ಮಂಗಳವಾರದೊಳಗೆ ಹೇಳಿ ಎಂದ.

ಮೆಟ್ಟಿಲು ಇಳಿಯುವಾಗ ಅಳಿಯನ ಕೈ ಹಿಡಿದುಕೊಂಡೆ.

೮ ಮಾರ್ಚ್, ಶನಿವಾರ

ಶಟರ್ ಎಳೆಸಿ ಮಗಳನ್ನು ಎದುರು ಕೂರಿಸಿಕೊಂಡೆ.

‘ಯಾವಾಗಿನಿಂದ?’

‘ಆರು ವರ್ಷ. ಭಾನುವಾರ ಸಂಜೆ, ಅಂಗಡಿ ಮುಚ್ಚಿದ ಮೇಲೆ. ಒಂದು ಲೋಟ. ಎರಡನೇದು ಇಲ್ಲ.’

‘ಲೆಕ್ಕ ಬೇರೆ ಇಟ್ಟಿದೀಯ, ಭೇಷ್. ಊರಲ್ಲಿ ಅಂಗಡಿ ಇಲ್ವಾ? ಸಮುದ್ರದಾಚೆಯಿಂದ ತರಿಸೋ ಶೋಕಿ?’

‘ಊರಲ್ಲಿ ತಗೊಂಡ್ರೆ ಯಾರಾದ್ರೂ ನೋಡಿ ನಿನಗೆ ಹೇಳ್ತಾರಲ್ಲ ಅಮ್ಮ. ಇಲ್ಲಿಯವರೆಗೆ ಇವರು ತಮ್ಮ ಕನ್ನಡಕದಂಗಡಿ ಹತ್ತಿರದಿಂದ ತರ್ತಿದ್ರು. ಪ್ರತಿ ಸಲ ಚೀಲ ನೀನು ನೋಡ್ತೀಯ ಅಂತ ಹೆದರ್ತಿದ್ರು. ನೆಟ್ಟಲ್ಲಿ ತರಿಸಿದ್ರೆ ಬರೀ ಡಬ್ಬ ಬರುತ್ತೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.’

‘ನನ್ನ ನಂಬರ್ ಯಾಕೆ ಹಾಕಿದೆ?’

‘ಟ್ಯಾಕ್ಸ್ ನಂಬರ್ ಇದ್ರೆ ಅಲ್ಲಿನ ತೆರಿಗೆ ಬಿಡ್ತೀವಿ ಅಂತ ಬರೆದಿತ್ತು. ದಿನಾ ನೂರು ಬಿಲ್ಲಲ್ಲಿ ಬರೆಯೋ ನಂಬರ್. ಬೆರಳು ತಾನೇ ಹೊಡೀತು.’

ನನಗೆ ಹೆದರಿ ದೇಶಾಂತರದಿಂದ ತರಿಸಿದಳಂತೆ. ಆರು ಬಾಟಲಿ ಮೂರು ದೇಶ ದಾಟಿ ಬಂದು ನನ್ನ ಹೆಸರಿನ ಮೇಲೇ ಕುಳಿತಿವೆ.

‘ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?’

‘ಮಾವನ್ನ ಬಾಗಿಲಲ್ಲಿ ನಿಲ್ಲಿಸಿದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆನಲ್ಲಮ್ಮ.’

ಎದ್ದು ಬಂದೆ. ಎಂಥ ಮಗಳನ್ನು ಹೆತ್ತೆ. ಊರಿನವರ ತೋಳು, ಕಾಲರ್ ಮೂಸಿ ಹೇಳುವ ಮೂಗು ಪಕ್ಕದ ಕೋಣೆಯ ಬಾಗಿಲು ದಾಟಲಿಲ್ಲ. ಅದಕ್ಕೂ ಥೂ.

೧೧ ಮಾರ್ಚ್, ಮಂಗಳವಾರ

ಸಹಿ ಹಾಕಿದೆ.

‘ಸದರಿ ಮದ್ಯವನ್ನು ನನ್ನ ಸ್ವಂತ ಸೇವನೆಗಾಗಿ ತರಿಸಿಕೊಂಡಿರುತ್ತೇನೆ. ಯಾರಿಗೂ ಮಾರುವುದಿಲ್ಲ, ಕೊಡುವುದಿಲ್ಲ. ಮೇಲಿನದೆಲ್ಲ ಸತ್ಯ.’

ಗಿರಾಕಿಯ ಜೇಬಿನಲ್ಲಿ ಸಿಕ್ಕ ಚಿನ್ನದ ಉಂಗುರ ಹಿಂದಿರುಗಿಸಿದ ಕೈ. ಸುಳ್ಳಿನ ಕೆಳಗೆ ಇದುವರೆಗೆ ಒಂದೂ ಸಹಿ ಬಿದ್ದಿರಲಿಲ್ಲ. ಸುಂಕ, ಸುಂಕದ ಮೇಲೆ ತೆರಿಗೆ, ಅದರ ಮೇಲೆ ದಂಡ, ಗೋದಾಮಿನಲ್ಲಿ ಮಲಗಿದ್ದಕ್ಕೆ ಬಾಡಿಗೆ. ಬಾಟಲಿಗಿಂತ ಕಾಗದವೇ ದುಬಾರಿ. ಕಟ್ಟಿದೆ.

ಅಧಿಕಾರಿ ಸೀಲ್ ಒತ್ತುತ್ತಾ ದನಿ ತಗ್ಗಿಸಿ ಹೇಳಿದ — ‘ನಾಚಿಕೆ ಯಾಕಮ್ಮ, ಈ ವಯಸ್ಸಲ್ಲಿ ಹೃದಯಕ್ಕೆ ಒಳ್ಳೇದು.’

ಮನೆಗೆ ಬಂದು ಸೋಪು ಹಾಕಿ ಕೈ ತೊಳೆದೆ. ಎರಡು ಸಲ.

೧೪ ಮಾರ್ಚ್, ಶುಕ್ರವಾರ

ಅಂಗಡಿ ತುಂಬ ಗಿರಾಕಿ ಇರುವಾಗಲೇ ಕೊರಿಯರ್‌ನವನು ಡಬ್ಬ ತಂದು ಕೌಂಟರ್ ಮೇಲೆ ಕುಕ್ಕಿದ. ಗಣಗಣ ಸದ್ದು. ‘ಮದ್ಯದ ಪಾರ್ಸಲ್! ಸಹಿ ಹಾಕಿದವರೇ ತಗೋಬೇಕು. ವಯಸ್ಸಿನ ಪ್ರೂಫ್ ತೋರಿಸಿ.’

‘ನನ್ನ ವಯಸ್ಸಿಗಾ?’

‘ಇಪ್ಪತ್ತೊಂದು ತುಂಬಿದೆ ಅಂತ ನಾನು ನೋಡ್ಲೇಬೇಕು ಅಜ್ಜಿ. ರೂಲ್ಸು.’

ಅರವತ್ತೇಳು ತುಂಬಿದೆ ಎಂದು ಎಲ್ಲರೆದುರು ಕಾರ್ಡ್ ಹಿಡಿದು ತೋರಿಸಿದೆ. ಇಸ್ತ್ರಿಯವನು ಉಗಿಯ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ‘ಏನಪ್ಪಾ, ಉಗಿ ಕಣ್ಣಿಗೆ ಹೋಯ್ತಾ?’ ಎಂದೆ. ಗಡಿಬಿಡಿಯಲ್ಲಿ ಕೈಯಲ್ಲಿದ್ದ ಶರ್ಟಿನ ಕಾಲರ್ ಸುಟ್ಟ. ಸರಿಯಾಯಿತು.

ಸಂಜೆ ಮಗಳು, ‘ಸಿಂಕಿಗೆ ಸುರಿದುಬಿಡೋಣ ಅಮ್ಮ, ನನಗೂ ಬೇಡ.’

‘ಸುರಿದ್ರೆ ಸೇವನೆ ಆಗುತ್ತಾ?’

‘ಅಂದ್ರೆ?’

‘ಸೇವಿಸ್ತೀನಿ ಅಂತ ಬರೆದುಕೊಟ್ಟಿದ್ದೀನಿ. ಸುಳ್ಳು ಬರೆದವಳಾಗಿ ನಾನು ಸಾಯಲ್ಲ.’

ಅವಳು ಕುರ್ಚಿ ಹುಡುಕಿ ಕುಳಿತಳು. ಬಾಟಲಿಗಳನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

೧೫ ಮಾರ್ಚ್, ಶನಿವಾರ

ಬೆಳಿಗ್ಗೆ ತಿಂಡಿ ಆದ ಮೇಲೆ, ಮಾತ್ರೆಯ ಜೊತೆ. ಬಿರಟೆ ತೆಗೆಯಲು ಮಗಳು ಗುಂಡಿಯ ಡಬ್ಬದ ತಳದಿಂದ ಒಂದು ತಿರುಪು ಕೊಟ್ಟಳು. ಆರು ವರ್ಷದಿಂದ ನನ್ನ ಗುಂಡಿಗಳ ಅಡಿಯಲ್ಲಿ ಮಲಗಿತ್ತಂತೆ. ಅಸಹ್ಯ.

ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಎರಡು ಮುಚ್ಚಳ. ಮೂಗು ಹಿಡಿದು ನುಂಗಿದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರು. ಇದಕ್ಕೆ ಹಾಡು ಕಟ್ಟುತ್ತಾರಲ್ಲ ಜನ. ದಿನಕ್ಕೆ ಎರಡು ಮುಚ್ಚಳದಂತೆ ಆರು ಬಾಟಲಿಗೆ ನೂರೈವತ್ತು ದಿನ.

೧೬, ಭಾನುವಾರ

ಎರಡು ಮುಚ್ಚಳ. ಹೊಲಸು.

೧೭

ಅದೇ.

೧೮

ಅದೇ. ಎದೆಯುರಿ. ಅಳಿಯನಿಗೆ ನಾನೇ ಚಹಾ ಮಾಡಿ ಕೊಟ್ಟೆ, ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ. ಅವನು ಒಂದು ಗುಟುಕು ಕುಡಿದು ನನ್ನನ್ನು ನೋಡಿದ. ‘ಸಿಹಿ ಸರಿಯಾಗಿದೆ ಅತ್ತೆ’ ಎಂದ. ಇದಕ್ಕಿಂತ ಹೆಚ್ಚು ಕ್ಷಮೆ ನನಗೆ ಕೇಳಲು ಬರುವುದಿಲ್ಲ.

೨೭ ಮಾರ್ಚ್, ಗುರುವಾರ

ಹದಿಮೂರನೇ ದಿನ. ತೆರೆದಿಟ್ಟ ಬಾಟಲಿ ಹುಳಿಯಾಗುತ್ತದಂತೆ. ಆಗಲಿ. ಮೊದಲೇನು ಅಮೃತವಾಗಿತ್ತೇ?

ಮಗಳು ನಾನು ನುಂಗುವಾಗ ಎದ್ದು ಹೋಗುತ್ತಾಳೆ. ಬೇಕೆಂದೇ ಅವಳ ಎದುರು ಕುಳಿತು ಕುಡಿಯುತ್ತೇನೆ. ಹೌದು, ಬೇಕೆಂದೇ. ನೋಡಲಿ.

೩೦ ಮಾರ್ಚ್, ಭಾನುವಾರ

ಮಗಳು ಹೇಳಿದಳು, ಅಂಗಡಿ ಬೇಡವಂತೆ.

‘ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಇದೆ. ಹೋಗಿ ಮಾತಾಡಿ ಬಂದೆ.’

‘ಯಾರದೋ ಹಾಸಿಗೆ ಬಟ್ಟೆ ಬೇಯಿಸೋಕಾ? ಸ್ವಂತ ಅಂಗಡಿ ಬಿಟ್ಟು?’

‘ಅಲ್ಲಿ ಬಟ್ಟೆ ಮಾತ್ರ ನೋಡ್ತಾರೆ. ಇಲ್ಲಿ ನನ್ನನ್ನ ನೋಡ್ತಾರೆ.’ ದನಿ ಏರಿಸಲಿಲ್ಲ. ‘ದಿನಾ ಬೆಳಿಗ್ಗೆ ಎರಡು ಮುಚ್ಚಳ. ನೂರೈವತ್ತು ದಿನ ಈ ಶಿಕ್ಷೆ ನನ್ನಿಂದ ನೋಡೋಕಾಗಲ್ಲಮ್ಮ. ಒಂದು ಸಲ ಕೆನ್ನೆಗೆ ಹೊಡೆದಿದ್ರೆ ಮುಗಿದುಹೋಗ್ತಿತ್ತು.’

‘ಕುಡೀತಿರೋದು ನಾನು. ಶಿಕ್ಷೆ ನಿನಗೆ ಹೇಗೆ?’

‘ಅದು ನಿನಗೇ ಗೊತ್ತು.’

೩೧

ಎರಡು ಮುಚ್ಚಳ. ಇಳಿಯಲಿಲ್ಲ.

ಸುಳ್ಳಾಗಬಾರದೆಂದು ಕುಡಿದೆ ಎಂದುಕೊಂಡಿದ್ದೆ. ಅದಷ್ಟೇ ಆಗಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯಬಹುದಿತ್ತಲ್ಲ.

೬ ಏಪ್ರಿಲ್, ಭಾನುವಾರ, ಸಂಜೆ ೬

ಐದು ದಿನ ಬರೆಯಲಿಲ್ಲ. ಕುಡಿಯುವುದು ತಪ್ಪಿಸಲಿಲ್ಲ. ನಾಳೆ ಹತ್ತಕ್ಕೆ ಅಂಗಡಿ ವರ್ಗಾವಣೆ. ಇಬ್ಬರ ಸಹಿಯೂ ಬೇಕು. ಅವಳು ಆ ಮಾತೇ ಎತ್ತಿಲ್ಲ.

ಇವತ್ತು ಅಂಗಡಿ ಮುಚ್ಚಿದ ಮೇಲೆ ಬೀರು ತೆಗೆದೆ. ಬಾಟಲಿಯನ್ನು ಊಟದ ಮೇಜಿಗೆ ತಂದೆ. ಎರಡು ಲೋಟ ಇಟ್ಟೆ. ಮುಚ್ಚಳದಲ್ಲಿ ಅಳೆಯಲಿಲ್ಲ. ಸುರಿದು ಒಂದನ್ನು ಅವಳ ಕಡೆ ತಳ್ಳಿದೆ.

ಅವಳು ಮುಟ್ಟಲಿಲ್ಲ. ‘ಯಾರಿಗೂ ಕೊಡಲ್ಲ ಅಂತ ಬರೆದುಕೊಟ್ಟಿದ್ದೀಯಲ್ಲಮ್ಮ.’

‘ಹೂಂ.’

‘ಸುಳ್ಳಾಗುತ್ತೆ.’

‘ಆಗ್ಲಿ. ಕುಡಿ.’

ಗಂಟಲಿನಲ್ಲಿ ಬೆಂಕಿ ಇಟ್ಟ ಹಾಗಾಯಿತು ಆ ಮಾತು ಆಡುವಾಗ. ವೈನ್ ಅದರ ಮುಂದೆ ಎಷ್ಟೋ ವಾಸಿ.

ಒಂದು ಗುಟುಕು ಕುಡಿದಳು. ಮುಖ ಗಂಟಾಯಿತು. ‘ಥೂ! ಇದು ಕೆಟ್ಟು ಯಾವ ಕಾಲ ಆಯ್ತು! ಇಷ್ಟು ದಿನ ಇದನ್ನೇ ಕುಡಿದ್ಯಾ?’

‘ಚೆನ್ನಾಗಿರೋದು ಹೇಗಿರುತ್ತೆ ಅಂತ ನನಗೇನು ಗೊತ್ತು?’

ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ ಅವಳಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳಿಯ ಬಾಗಿಲಿಗೆ ಬಂದು ಇಣುಕಿ, ಹಾಗೇ ಹಿಂದೆ ಸರಿದ. ಉಳಿದದ್ದನ್ನು ಅವಳೇ ಸಿಂಕಿಗೆ ಸುರಿದಳು. ನಾನು ತಡೆಯಲಿಲ್ಲ. ಹೊಸ ಬಾಟಲಿ ತೆರೆದು ತನ್ನ ಒಂದು ಲೋಟ ಕುಡಿದಳು, ನಿಧಾನವಾಗಿ, ನನ್ನ ಎದುರೇ. ನನಗೂ ಒಂದು ಗುಟುಕು ಕೊಟ್ಟಳು. ಅದೂ ಹೊಲಸೇ. ಅವಳಿಗೂ ಹೇಳಿದೆ.

ಎರಡೂ ಲೋಟ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಕೇಳಿದಳು — ‘ನಾಳೆ ಹತ್ತಕ್ಕಲ್ವಾ? ಒಂಬತ್ತೂವರೆಗೆ ಹೊರಟ್ರೆ ಸಾಕು. ಆಟೋದವನಿಗೆ ಮನೆ ಬಾಗಿಲಿಗೇ ಬರೋಕೆ ಹೇಳ್ತೀನಿ. ನಿನ್ನ ಮಂಡಿಗೆ ನಡೆಯೋಕಾಗಲ್ಲ.’

ಹೂಂ ಎಂದೆ.

ಕೆಳಗೆ ಯಾರೋ ಅಂಗಡಿಯ ಶಟರ್ ಬಡಿಯುತ್ತಿದ್ದಾರೆ. ‘ಮುಚ್ಚಿದೆ’ ಎಂದು ಬೋರ್ಡ್ ತಿರುಗಿಸಿದ್ದು ಕಾಣಿಸುವುದಿಲ್ಲವೇ? ಭಾನುವಾರ ಸಂಜೆಯಾದರೂ ತಮ್ಮ ಕೊಳೆ ತಮ್ಮ ಮನೆಯಲ್ಲೇ ಇಟ್ಟುಕೊಂಡು ಈ ಜನ —