ಮಗನ ಕುಸ್ತಿ ನೋಡಿದ ದಿನ

ಟೋಕಿಯೊ, ಮೇ 20

ಪ್ರೀತಿಯ ಮಿತ್ಸುಯೊ ಅಕ್ಕನಿಗೆ ಚಿಜುರುವಿನ ನಮಸ್ಕಾರಗಳು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬರೆಯಲು ಕುಳಿತರೆ ಒಂದು ಸಾಲಿಗೇ ಹಾಳೆ ಹರಿದು ಹಾಕುತ್ತಿದ್ದೆ.

ನಿನ್ನೆ ನಮ್ಮ ಶಿಂಗೊನ ಸುಮೊ ಪಂದ್ಯಕ್ಕೆ ಹೋಗಿದ್ದೆ. ಜನವರಿಯಲ್ಲಿ ಕುತ್ತಿಗೆಗೆ ಪೆಟ್ಟಾದ ಮೇಲೆ ಇದೇ ಅವನ ಮೊದಲ ಟೂರ್ನಿ. ಇನ್ನೆರಡು ಗೆದ್ದರೆ ಹತ್ತಿ ಕಚ್ಚೆ ಬಿಟ್ಟು ರೇಷ್ಮೆ ಕಚ್ಚೆ ಉಡುವ ದರ್ಜೆಗೆ ಏರುವವನಿದ್ದ.

ಪಕ್ಕದ ಮೆತ್ತೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ತಿನ್ನುತ್ತಾ, “ಏನಮ್ಮಾ, ಊಟದ ಡಬ್ಬಿ ಹಂಗೇ ಐತಲ್ಲ? ಕುಸ್ತಿ ಆಡೋರು ಅವರು, ಬೆವರೋದು ನೀವು!” ಎಂದು ನಕ್ಕರು. ಕಣಕ್ಕೆ ಬರುತ್ತಿದ್ದವನು ನನ್ನ ಮಗ ಎನ್ನದೆ ಡಬ್ಬಿಯನ್ನು ಅವರ ಕಡೆಗೆ ಸರಿಸಿದೆ.

ತಲೆಗೆ ತಲೆ ಡಿಕ್ಕಿ ಹೊಡೆದ ಸದ್ದು ನಾನಿದ್ದಲ್ಲಿಗೂ ಕೇಳಿಸಿತು. ಕಣದ ಅಂಚಿನಲ್ಲಿ ಶಿಂಗೊ ಎದುರಾಳಿಯನ್ನು ತಿರುಗಿಸಿ ಬೀಳಿಸಿದ. ಜೊತೆಗೇ ತಾನೂ ಎತ್ತರದ ಮಣ್ಣಿನ ಕಟ್ಟೆಯಿಂದ ತಲೆಕೆಳಗಾಗಿ ಉರುಳಿದ. ಏಳಲಿಲ್ಲ. ಜನರೆಲ್ಲ ಎದ್ದು ಇಣುಕಿದರು. ಮುದುಕರೂ ತಿನ್ನುವುದನ್ನು ನಿಲ್ಲಿಸಿ, “ಏಳಪ್ಪಾ, ಏಳು” ಎಂದು ಗೊಣಗಿದರು. ಎಷ್ಟು ಹೊತ್ತಾಯಿತೋ ಕಾಣೆ, ಎದ್ದ. ಕಟ್ಟೆ ಹತ್ತಿ ತಲೆಬಾಗಿ ಗೆಲುವು ಸ್ವೀಕರಿಸಿದ.

ಪಂದ್ಯ ಮುಗಿದು ಹಿಂಬಾಗಿಲಲ್ಲಿ ಸಿಕ್ಕಾಗ, “ಅಮ್ಮಾ, ಇನ್ನೊಂದೇ!” ಎಂದ. ನಾನು ಕೊಟ್ಟ ಚಹಾ ಬಾಟಲಿ ಅವನ ಎಡಗೈಯಿಂದ ಜಾರಿ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು.

“ಬೆರಳು ಜೋಮು ಹಿಡಿದಿದೆ ಅಷ್ಟೆ. ಗುರುಗಳಿಗೆ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

ಇಂದು ಬೆಳಿಗ್ಗೆ ಗರಡಿಗೆ ಹೋಗಿ ಗುರುಗಳಿಗೆ ಎಲ್ಲ ಹೇಳಿಬಿಟ್ಟೆ. ಅವರು ತಕ್ಷಣ ಅವನನ್ನು ಟೂರ್ನಿಯಿಂದ ಹಿಂತೆಗೆದು ಆಸ್ಪತ್ರೆಗೆ ಸೇರಿಸಿದರು. ಶಿಂಗೊ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. “ನೀನು ಹೋಗು” ಎಂದಷ್ಟೇ ಹೇಳಿದ. ಹೋಗದೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅವನ ಬೆರಳುಗಳು ಇನ್ನೂ ಆಡುತ್ತಿಲ್ಲ.

ನಿನ್ನ ಮೊಣಕಾಲು ಬೇಗ ವಾಸಿಯಾಗಲಿ. ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಚಿಜುರು

ಮ.ವಿ.: ಅಕ್ಕಾ, ಇದನ್ನು ಓದಿ ಹರಿದುಬಿಡು. ಇನ್ನೊಂದು ಪೆಟ್ಟು ಬಿದ್ದರೆ ಕೈಕಾಲು ಹೋಗಬಹುದು ಎಂದು ಡಾಕ್ಟರು ಮಾರ್ಚ್‌ನಲ್ಲೇ ನನ್ನೊಬ್ಬಳನ್ನೇ ಕರೆದು ಹೇಳಿದ್ದರು. ಶಿಂಗೊ ಬೇಡಿಕೊಂಡನೆಂದು ಸುಮ್ಮನಿದ್ದೆ ಅಂತ ಬೆಳಿಗ್ಗೆ ಗುರುಗಳಿಗೆ ಹೇಳಿದೆ. ಅದು ಸುಳ್ಳು. ಶಿಂಗೊನಿಗೆ ಡಾಕ್ಟರ ಆ ಮಾತು ಗೊತ್ತೇ ಇರಲಿಲ್ಲ. ಅವನು ರೇಷ್ಮೆ ಕಚ್ಚೆ ಉಡುವುದನ್ನು ನೋಡುವ ಆಸೆ ಅವನಿಗಿಂತ ನನಗೇ ಹೆಚ್ಚಿತ್ತು.